ಆಯಮ್ಮ ಬಸ್ಸು ಕಲಿತದ್ದು

ಹನ್ನೊಂದು ವರ್ಷ ಆಕೆ ಶಾಲೆಯ ಬಸ್ಸಿನಲ್ಲಿ ನಿಂತೇ ಓಡಾಡಿದಳು. ಕೂರಲು ಜಾಗವಿರಲಿಲ್ಲವೆಂದಲ್ಲ, ಬಾಗಿಲ ಪಕ್ಕದಲ್ಲಿ ಆಯಾಳಿಗೆಂದೇ ಮಡಚುವ ಸೀಟೊಂದಿತ್ತು. ಆದರೆ ಮೂವತ್ತೆಂಟು ಮಕ್ಕಳನ್ನು ಕೂತು ನೋಡಿಕೊಳ್ಳಲು ಆಗುವುದಿಲ್ಲ ಎಂಬುದು ಮೊದಲ ವಾರದಲ್ಲೇ ಅವಳಿಗೆ ಗೊತ್ತಾಗಿಹೋಗಿತ್ತು. ಒಬ್ಬ ಕಿಟಕಿಯಿಂದ ಕೈ ಹೊರಗೆ ಚಾಚುತ್ತಾನೆ, ಒಬ್ಬಳು ಮುಂದಿನವಳ ಜಡೆಯನ್ನು ಬ್ಯಾಗಿನ ಜಿಪ್ಪಿಗೆ ಸಿಕ್ಕಿಸುತ್ತಾಳೆ, ಇನ್ನೊಬ್ಬ ಶಾಲೆ ಮುಟ್ಟುವ ಮೊದಲೇ ಊಟದ ಡಬ್ಬಿ ಖಾಲಿ ಮಾಡಿ ಮುಗ್ಧನಂತೆ ಕೂತಿರುತ್ತಾನೆ. ಗದ್ದಲ ಇರುವಷ್ಟು ಹೊತ್ತು ಭಯವಿಲ್ಲ. ಹಿಂದಿನ ಸೀಟುಗಳಲ್ಲಿ ಇದ್ದಕ್ಕಿದ್ದಂತೆ ಸದ್ದಡಗಿತೋ, ಅಲ್ಲೇನೋ ನಡೆದಿದೆ ಎಂದೇ ಲೆಕ್ಕ. ಹಾಗಾಗಿ ಅವಳ ಕಿವಿ ಯಾವಾಗಲೂ ಹಿಂದಕ್ಕೇ ನೆಟ್ಟಿರುತ್ತಿತ್ತು.

ಮಕ್ಕಳಿಗೆ ಅವಳು ಆಯಮ್ಮ. ಮಕ್ಕಳಿಂದ ಆ ಹೆಸರು ತಾಯಂದಿರಿಗೆ, ಟೀಚರುಗಳಿಗೆ ಹಬ್ಬಿ, ಕೊನೆಗೆ ಮನೆಯಲ್ಲಿ ಅತ್ತೆಯ ಬಾಯಿಗೂ ಬಂದು ಕೂತಿತ್ತು.

ಆ ವರ್ಷದ ಪರೀಕ್ಷೆಗಳು ಹತ್ತಿರ ಬಂದಾಗ ಡ್ರೈವರಣ್ಣ ಕೆಲಸ ಬಿಡುವುದಾಗಿ ಹೇಳಿದ. ಅವನಿಗೆ ಅರವತ್ತೆರಡು. ಕ್ಲಚ್ಚು ತುಳಿದೂ ತುಳಿದೂ ಎಡ ಮೊಣಕಾಲು ಸೋತಿತ್ತು. ಹೆಡ್‌ಮಿಸ್ಸು ಇಬ್ಬರನ್ನೂ ಕರೆದು ವಿಷಯ ನೇರವಾಗಿಯೇ ತಿಳಿಸಿದರು. ರಜೆ ಮುಗಿಯುವುದರೊಳಗೆ ನಂಬಿಕೆಯ ಡ್ರೈವರ್ ಸಿಕ್ಕರೆ ಸರಿ; ಇಲ್ಲವಾದರೆ ಈ ರೂಟನ್ನು ಹೊರಗಿನ ಟ್ರಾವೆಲ್ಸಿಗೆ ವಹಿಸಿಬಿಡುತ್ತಾರೆ. ಅವರದೇ ಬಸ್ಸು, ಅವರದೇ ಜನ. ಅವರ ಜನ ಎಂದರೆ ಆಯಾ ಕೂಡ ಅವರ ಕಡೆಯವಳೇ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದು ಮಧ್ಯಾಹ್ನ ಇಬ್ಬರೂ ಬಸ್ಸು ತೊಳೆಯುತ್ತಿದ್ದರು.

"ಅಣ್ಣಾ, ಬಸ್ಸಿನ ಲೈಸೆನ್ಸು ಹೆಂಗಸ್ರಿಗೂ ಕೊಡ್ತಾರಾ?"

"ಯಾವ ಹೆಂಗಸಿಗೆ?"

"ಯಾರೋ ಒಬ್ಬಳಿಗೆ."

"ಆ ಯಾರೋ ಒಬ್ಬಳಿಗೆ ವಯಸ್ಸೆಷ್ಟು?"

"ನಲವತ್ತಾರು."

ಡ್ರೈವರಣ್ಣ ಬಟ್ಟೆ ಹಿಂಡಿ ಗಾಜಿಗೆ ಎಸೆದ. "ಕಾಲು ಕ್ಲಚ್ಚಿಗೆ ಎಟುಕುತ್ತಾ ಅಂತ ಕೇಳು ಅವಳನ್ನ. ಎಟುಕಿದ್ರೆ ನಾಳೆ ನಾಲ್ಕು ಗಂಟೆಗೆ ಗ್ರೌಂಡಿಗೆ ಬರ್ಲಿ."

ಅವಳಿಗೆ ಗಾಡಿ ಎಂದರೆ ಪೂರ್ತಿ ಹೊಸದೇನಲ್ಲ. ಆರು ವರ್ಷದ ಹಿಂದೆ ಗಂಡನ ಕೈ ಮುರಿದಾಗ ಅವನ ಪುಟ್ಟ ಸಾಮಾನು ಗಾಡಿಯನ್ನು ನಾಲ್ಕು ತಿಂಗಳು ಅವಳೇ ಓಡಿಸಿದ್ದಳು. ಆಗ ಮಾಡಿಸಿದ ಚಿಕ್ಕ ಲೈಸೆನ್ಸು ಕಪಾಟಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಅವನ ಕೈ ಕೂಡಿಕೊಂಡ ಮೇಲೆ ಅದನ್ನು ಹೊರಗೆ ತೆಗೆಯುವ ಪ್ರಸಂಗ ಬಂದಿರಲಿಲ್ಲ. ತೆಗೆಯಬೇಕು ಎಂದು ಅವಳಿಗೆ ಎಷ್ಟೋ ಸಲ ಅನಿಸಿದ್ದುಂಟು, ಯಾರೊಡನೆಯೂ ಹೇಳಿರಲಿಲ್ಲ.

ಮನೆಯಲ್ಲಿ ಮಾತೆತ್ತಿದಾಗ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ನನ್ನ ಗಾಡಿಗೆ ನಾಲ್ಕು ಚಕ್ರ, ಅದಕ್ಕೆ ಆರು. ಬೈಗುಳಾನೂ ಅದೇ ಲೆಕ್ಕದಲ್ಲಿ ಜಾಸ್ತಿ ಬೀಳುತ್ತೆ, ನೋಡ್ಕೊ."

"ಇವಳು ಬಸ್ಸು ಹತ್ತಿ ಹೋದ್ರೆ ನನ್ನ ಮಾತ್ರೆ ಕೊಡೋರ್ಯಾರು?" ಎಂದಳು ಅತ್ತೆ.

"ಈಗ್ಲೂ ನಾನು ಬಸ್ಸಲ್ಲೇ ಇರೋದು ಅತ್ತೆ."

"ಈಗ ನಿಂತಿರ್ತೀಯ. ಆಗ ಕೂತಿರ್ತೀಯ. ಕೂತೋರು ಬೇಗ ಏಳಲ್ಲ."

ಗಂಡನ ನಿಜವಾದ ಅಳುಕು ಕೈ ತೊಳೆಯುವಾಗ ಹೊರಬಂತು. "ಫೇಲಾದ್ರೆ ಬೀದಿ ಬೀದಿಯೇ ನಗುತ್ತಲ್ಲೇ."

ಲ್ಯಾಬ್ ಕೆಲಸದ ಕೋರ್ಸು ಓದುತ್ತಿದ್ದ ಮಗಳು ಪುಸ್ತಕ ಮುಚ್ಚಿದಳು. "ನಗೋರು ಎಷ್ಟು ದಿನ ನಗ್ತಾರಪ್ಪ? ಒಂದು ವಾರ. ಆಮೇಲೆ ಅವ್ರಿಗೂ ಅವ್ರವ್ರ ಮನೆ ಕೆಲ್ಸ ಇರುತ್ತೆ."

ಲಿಖಿತ ಪರೀಕ್ಷೆಯ ಜವಾಬ್ದಾರಿಯನ್ನು ಮಗಳೇ ವಹಿಸಿಕೊಂಡಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು ಆಯಮ್ಮ. ನೂರ ಇಪ್ಪತ್ತು ಪುಟದ ನಿಯಮಗಳ ಪುಸ್ತಕದ ದಪ್ಪವನ್ನೇ ಬೆರಳಿನಿಂದ ಅಳೆಯುತ್ತ ಕೂತಳು. ಮಗಳು ಪುಸ್ತಕವನ್ನು ಕಿತ್ತುಕೊಂಡು ನಾಲ್ಕು ಹಾಳೆ ಮಾತ್ರ ಹರಿದು ಕೊಟ್ಟಳು. "ದಿನಕ್ಕೆ ಇಷ್ಟೇ. ತಿಂಡಿ ಪಾತ್ರೆ ತೊಳೆದ ಮೇಲೆ ಇಪ್ಪತ್ತು ನಿಮಿಷ. ಚೆನ್ನಾಗಿ ಬರ್ತಿದೆ ಅನ್ನಿಸಿದ್ರೂ ಎದ್ದುಬಿಡು. ನಾನು ಓದೋದೂ ಹೀಗೇ ಅಮ್ಮ. ಪೂರ್ತಿ ಪುಸ್ತಕ ಒಟ್ಟಿಗೆ ನೋಡಿದ್ರೆ ನಂಗೂ ಜ್ವರ ಬರುತ್ತೆ."

ರಸ್ತೆ ಚಿಹ್ನೆಗಳು ಮನೆ ತುಂಬ ಅಂಟಿಕೊಂಡವು. ಫ್ರಿಜ್ಜಿನ ಮೇಲೆ 'ನಿಲ್ಲು', ಬಚ್ಚಲ ಮನೆಯ ತಿರುವಿನಲ್ಲಿ 'ಜಾರುವ ರಸ್ತೆ'. ಓದು ಬರಹ ಬಾರದ ಅತ್ತೆಗೆ ಅವೆಲ್ಲ ಎಲ್ಲರಿಗಿಂತ ಮೊದಲು ಬಾಯಿಪಾಠವಾದವು. ಸೊಸೆ ತಡವರಿಸಿದರೆ ಸಾಕು, ಮಂಚದ ಮೇಲಿಂದಲೇ, "ಅದು ಎಡಕ್ಕೆ ತಿರುಗಬಾರದು ಅನ್ನೋದು. ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ದನಿ ಬರುತ್ತಿತ್ತು.

ಗ್ರೌಂಡಿನ ಪಾಠ ಅವಳು ಹೆದರಿದಷ್ಟು ಕಠಿಣವಾಗಿರಲಿಲ್ಲ. ಹನ್ನೊಂದು ವರ್ಷ ಕಂಬಿ ಹಿಡಿದು ನಿಂತವಳಿಗೆ ಗೇರು ಯಾವಾಗ ಬದಲಾಗಬೇಕು ಎಂಬುದು ಅಂಗಾಲಿಗೇ ಗೊತ್ತಿತ್ತು. ಎಂಜಿನ್ನಿನ ದನಿ ಎಲ್ಲಿಗೆ ಏರಿದಾಗ ಮೈ ಹಿಂದಕ್ಕೆ ವಾಲುತ್ತದೆ, ಬ್ರೇಕನ್ನು ಎಷ್ಟು ಒತ್ತಿದರೆ ಒಂದನೇ ತರಗತಿಯ ಮಗು ಮುಂದಿನ ಸೀಟಿಗೆ ಹಣೆ ಬಡಿದುಕೊಳ್ಳುತ್ತದೆ, ಎಲ್ಲವೂ ಗೊತ್ತು. ಡ್ರೈವರಣ್ಣ ಹೊಗಳುವ ಪೈಕಿಯವನಲ್ಲ. ಒಂದು ಸಂಜೆ ಮಾತ್ರ, "ನಾನು ಕಲಿಸೋಕೆ ಬಂದ್ರೆ ಅರ್ಧ ಕಲ್ತೇ ಬಂದಿದ್ದೀಯಲ್ಲಮ್ಮ," ಎಂದ. ಆ ಒಂದು ಮಾತನ್ನು ಅವಳು ವಾರಪೂರ್ತಿ ಮನಸ್ಸಿನಲ್ಲೇ ತಿರುವಿ ಹಾಕಿದಳು.

ಬರೆಯುವ ಪರೀಕ್ಷೆಯಲ್ಲಿ ಎರಡೇ ತಪ್ಪು. ಓಡಿಸಿ ತೋರಿಸುವ ದಿನ ಇಸ್ತ್ರಿ ಮಾಡಿದ ಸೀರೆ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಪಕ್ಕದಲ್ಲಿ ಇನ್‌ಸ್ಪೆಕ್ಟರು, ತೊಡೆಯ ಮೇಲೆ ಹಾಳೆ. ಹಿಂದೆ ನಲವತ್ತು ಖಾಲಿ ಸೀಟು.

ಬಸ್ಸು ಗೇಟು ದಾಟಿತು. ಸಿಗ್ನಲ್ಲು ದಾಟಿತು. ಉದ್ದ ರಸ್ತೆಗೆ ಬಿದ್ದ ಮೇಲೆ ಅವಳಿಗೆ ಏನೋ ಸರಿಯಿಲ್ಲ ಅನಿಸಿತು. ಹಿಂದೆ ಸದ್ದೇ ಇಲ್ಲ. ಯಾರೂ ಅಳುತ್ತಿಲ್ಲ, ಯಾರೂ ಹಾಡುತ್ತಿಲ್ಲ, ನೀರಿನ ಬಾಟಲಿ ಉರುಳುತ್ತಿಲ್ಲ. ತಿಳಿಯುವ ಮೊದಲೇ ಕತ್ತು ಪೂರ್ತಿ ಹಿಂದಕ್ಕೆ ತಿರುಗಿತ್ತು. ಇನ್‌ಸ್ಪೆಕ್ಟರು ಹಾಳೆಯ ಮೇಲೆ ಒಂದು ಗೆರೆ ಎಳೆದರು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಸಲ. ಮೂರನೆಯ ಸಲ ತಿರುಗಿದಾಗ ಬಸ್ಸು ರಸ್ತೆಯ ಅಂಚಿನ ಬಿಳಿ ಪಟ್ಟೆ ದಾಟಿ ಮಣ್ಣಿಗಿಳಿಯಿತು.

"ನಿಲ್ಸಿ," ಎಂದರು ಅವರು. ಬಸ್ಸು ನಿಂತ ಮೇಲೆ ಅವರೂ ಒಮ್ಮೆ ಹಿಂದೆ ನೋಡಿದರು. "ಅಲ್ಲಿ ಯಾರಿದ್ದಾರೆ ಅಂತ ನೋಡ್ತಿದ್ದೀರಮ್ಮ?"

"ಯಾರೂ ಇಲ್ಲ ಸಾರ್. ಅದಕ್ಕೇ ನೋಡಿದ್ದು."

ಅವರಿಗೆ ಅರ್ಥವಾಗಲಿಲ್ಲ. ಆಗಬೇಕೆಂದೂ ಇಲ್ಲ. ಇನ್ನೊಂದು ಪರೀಕ್ಷೆಗೆ ಐದು ವಾರದ ನಂತರದ ತಾರೀಕು ಬರೆದುಕೊಟ್ಟರು. ಅದಾದ ಮೇಲಿನ ಸೋಮವಾರವೇ ಶಾಲೆ ತೆರೆಯುವುದಿತ್ತು.

ಮನೆಗೆ ಬಂದವಳು ಫ್ರಿಜ್ಜಿನ ಮೇಲಿದ್ದ ಚಿತ್ರವನ್ನು ಕಿತ್ತು ಮಡಚಿದಳು. ಗಂಡ ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳೇನೋ. ಎರಡು ದಿನ ಗ್ರೌಂಡಿಗೆ ಹೋಗಲಿಲ್ಲ. ಮೂರನೆಯ ದಿನ ಡ್ರೈವರಣ್ಣನೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.

"ಪಾಸಾಗೋ ವಯಸ್ಸಲ್ಲ ಬಿಡಣ್ಣ ಇದು," ಎಂದಳು ಅವಳು, ಕುರ್ಚಿ ಎಳೆದುಕೊಡುತ್ತ. "ಚಿಕ್ಕ ವಯಸ್ಸಿನವ್ರಾದ್ರೆ ಬೇಗ ಕಲೀತಾರೆ."

"ಬೇಗ ಕಲೀತಾರೆ, ಯಾಕೆ ಹೇಳು? ಅವ್ರಿಗೆ ಬಿಡೋಕೆ ಏನೂ ಇರಲ್ಲ. ಬಂದು ಕೂರ್ತಾರೆ, ಕಲೀತಾರೆ. ನಿಂಗೆ ಬಿಡೋಕೆ ಹನ್ನೊಂದು ವರ್ಷದ ಕೆಲ್ಸ ಇದೆ. ಓಡ್ಸೋದು ಬಂತು ನಿಂಗೆ. ಹಿಂದೆ ನಿಂತಿರೋ ಆಯಮ್ಮ ಇನ್ನೂ ಇಳೀಲಿಲ್ಲ, ಅಷ್ಟೆ."

"ಅವಳು ಇಳಿಯಲ್ಲಣ್ಣ. ಮಕ್ಕಳಲ್ವಾ. ನೋಡದೆ ಹೇಗಿರೋದು?"

"ನಾನು ಹೇಗಿದ್ದೆ ಇಷ್ಟು ವರ್ಷ? ಕನ್ನಡಿಗೆ ಕಣ್ಣು ಹೋಗ್ತಿತ್ತು, ಕತ್ತು ಹೋಗ್ತಿರ್ಲಿಲ್ಲ. ನಂಗೇನು ಮಕ್ಕಳ ಮೇಲೆ ಪ್ರೀತಿ ಕಡ್ಮೆ ಇತ್ತಾ? ಹಿಂದೆ ನೀನು ನಿಂತಿದ್ದೆ, ಅದಕ್ಕೆ ನಾನು ಮುಂದೆ ನೋಡ್ದೆ. ಈಗ ಇನ್ನೊಬ್ರನ್ನ ಅಲ್ಲಿ ನಿಲ್ಸು. ನಿಲ್ಸಿ, ಅವ್ರನ್ನ ನಂಬು. ಕಷ್ಟ ಅದೇ ಕಣಮ್ಮ, ಗೇರು ಕ್ಲಚ್ಚಲ್ಲ."

ಅವಳು ಕಾಫಿ ತರಲು ಒಳಗೆ ಹೋದಳು. ಒಲೆಯ ಮುಂದೆ ನಿಂತಾಗ ಅವಳಿಗೆ ಮಗಳು ಚಿಕ್ಕವಳಿದ್ದಾಗಿನದು ನೆನಪಾಯಿತು. ಶಾಲೆಗೆ ಸೇರುವ ಎಷ್ಟೋ ವರ್ಷ ಮೊದಲು, ಮನೆಗೆಲಸಕ್ಕೆ ಹೊರಟ ಮೊದಲ ದಿನ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಕಿಟಕಿಯಿಂದ ಇಣುಕಿದ್ದಳು. ಮಗು ಆರಾಮಾಗಿ ಆಡುತ್ತಿತ್ತು. ತಾನಿಲ್ಲದೆಯೂ ಆಡುತ್ತಿದೆಯಲ್ಲ ಎಂದು ಒಂದು ಕ್ಷಣ ಸಮಾಧಾನ, ಒಂದು ಕ್ಷಣ ಹೊಟ್ಟೆಕಿಚ್ಚು.

ಮರುದಿನದಿಂದ ಗ್ರೌಂಡಿನಲ್ಲಿ ಹೊಸ ಬಗೆಯ ಪಾಠ. ಹೆಡ್‌ಮಿಸ್ಸಿನ ಒಪ್ಪಿಗೆ ಪಡೆದು ಡ್ರೈವರಣ್ಣ ಆಯಮ್ಮನ ಮಗಳನ್ನು ಆಯಾಳ ಜಾಗದಲ್ಲಿ ನಿಲ್ಲಿಸಿದ. ಸೀಟುಗಳಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು, ಜೊತೆಗೆ ಅತ್ತೆ. ಗದ್ದಲ ಮಾಡಿ ಎಂದರೆ ಗದ್ದಲ, ಸುಮ್ಮನಿರಿ ಎಂದರೆ ಸುಮ್ಮನೆ. ಮೊದಲೆರಡು ದಿನ ಹೆಂಗಸರು ಸುಮ್ಮನಾದಾಗಲೆಲ್ಲ ಅವಳ ಕತ್ತು ತಿರುಗಿತು. ತಿರುಗಿದಾಗಲೆಲ್ಲ ಡ್ರೈವರಣ್ಣ ಡ್ಯಾಶ್‌ಬೋರ್ಡಿಗೆ ಒಂದು ಏಟು ಕೊಡುತ್ತಿದ್ದ. ಆಮೇಲಾಮೇಲೆ ಏಟು ಕಡಿಮೆಯಾಯಿತು. ಅವಳು ತಿರುಗುತ್ತಿರಲಿಲ್ಲ, ಆದರೆ ಭುಜ ಕಲ್ಲಿನಂತೆ ಬಿಗಿದಿರುತ್ತಿತ್ತು. ತಿರುಗದೇ ಇರುವುದಕ್ಕೇ ಮೈಯ ಶಕ್ತಿಯೆಲ್ಲ ಖರ್ಚಾಗುತ್ತಿತ್ತು.

ನಾಲ್ಕನೆಯ ವಾರ, ಬಸ್ಸು ಗ್ರೌಂಡಿನ ಮೂಲೆಯಲ್ಲಿ ತಿರುಗುತ್ತಿದ್ದಾಗ, ಅತ್ತೆ ಯಾರಿಗೂ ಹೇಳದೆ ಎದ್ದು ಕಿಟಕಿಯ ಕಡೆ ಜರುಗಿದಳು. ಧಡ್ ಎಂದು ಸದ್ದು, ಹಿಂದೆಯೇ, "ಅಯ್ಯಯ್ಯೋ, ನನ್ನ ಸೊಂಟ."

ಆಯಮ್ಮ ಕನ್ನಡಿಯತ್ತ ಕಣ್ಣು ಹಾಯಿಸಿದಳು. ಅಷ್ಟರಲ್ಲಿ ಮಗಳ ದನಿ ಕೇಳಿತು. "ನಾನಿದ್ದೀನಮ್ಮ. ಅಜ್ಜಿ ಸೀಟಿನ ಮೇಲೇ ಬಿದ್ದಿದ್ದು, ಏನೂ ಆಗಿಲ್ಲ." ಅವಳು ತಿರುವನ್ನು ಪೂರ್ತಿ ಮುಗಿಸಿದಳು, ಬಸ್ಸನ್ನು ನಿಧಾನವಾಗಿ ನಿಲ್ಲಿಸಿದಳು, ಗೇರು ತೆಗೆದಳು, ಹ್ಯಾಂಡ್‌ಬ್ರೇಕು ಎಳೆದಳು. ಆಮೇಲೆ ಎದ್ದು ಹಿಂದಕ್ಕೆ ಹೋದಳು.

"ನಾನು ಸತ್ತಿದ್ರೂ ನೀನು ಗೇರು ತೆಗೆದೇ ಬರ್ತಿದ್ದೆಯಲ್ಲೇ," ಎಂದು ಅತ್ತೆ ಮುಖ ಊದಿಸಿಕೊಂಡಳು.

"ಹಾಗೇ ಬರ್ಬೇಕು ಅಜ್ಜಿ," ಎಂದ ಡ್ರೈವರಣ್ಣ. "ಇಲ್ಲಾಂದ್ರೆ ಉಳಿದೋರ ಗತಿ?"

ಅತ್ತೆ ಸೊಂಟ ನೀವಿಕೊಂಡಳು. "ಅದೂ ನಿಜವೇ ಅನ್ನು," ಎಂದು ಸೊಸೆಯ ಕೈ ಹಿಡಿದುಕೊಂಡೇ ಕೆಳಗಿಳಿದಳು.

ಎರಡನೆಯ ಪರೀಕ್ಷೆಗೆ ಅದೇ ಇನ್‌ಸ್ಪೆಕ್ಟರು ಬಂದರು. ಅದೇ ಉದ್ದ ರಸ್ತೆ. ಅವರು ಬೇಕೆಂದೇ ಕೇಳಿದರೋ ಏನೋ, "ಇವತ್ತು ಹಿಂದೆ ಯಾರಾದ್ರೂ ಇದ್ದಾರಾ?"

"ನೀವೇ ನೋಡಿ ಹೇಳಿ ಸಾರ್. ನಾನು ರಸ್ತೆ ನೋಡ್ತಿದ್ದೀನಿ."

ಅವರು ಸಹಿ ಹಾಕಿದರು. ಅವಳು ಅಲ್ಲಿಂದ ನೇರ ಶಾಲೆಗೆ ಹೋಗಿ ಹೆಡ್‌ಮಿಸ್ಸಿನ ಮೇಜಿನ ಮೇಲೆ ಕಾಗದವಿಟ್ಟಳು. ಅವರು ಎರಡು ಸಲ ಓದಿ, ಟ್ರಾವೆಲ್ಸಿನವರಿಗೆ ಫೋನು ಮಾಡಿ ಬೇಡವೆಂದರು. ಆಮೇಲೆ ಕೇಳಿದರು: "ಹಾಗಾದ್ರೆ ನಿಮ್ಮ ಜಾಗಕ್ಕೆ ಯಾರಮ್ಮ?"

ಆ ಜಾಗಕ್ಕೆ ಬಂದವಳು ಇಪ್ಪತ್ನಾಲ್ಕರ ಹೆಣ್ಣು. ಮೂರು ವರ್ಷದ ಮಗುವನ್ನು ತಾಯಿಯ ಬಳಿ ಬಿಟ್ಟು ಮೊದಲ ಬಾರಿಗೆ ಕೆಲಸಕ್ಕೆ ಹೊರಟವಳು. ಭಾನುವಾರವೇ ಬಂದು, ಯಾವ ಮಗು ಎಲ್ಲಿ ಹತ್ತುತ್ತದೆ, ಯಾವುದಕ್ಕೆ ವಾಂತಿ, ಯಾವುದಕ್ಕೆ ಮಾತು ಎಂದು ಆಯಮ್ಮನಿಂದ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಸೋಮವಾರ ಬೆಳಿಗ್ಗೆ ಏಳೂವರೆ. ಮೂರನೆಯ ಸ್ಟಾಪಿನಲ್ಲಿ ಎರಡನೇ ತರಗತಿಯ ಒಂದು ಹುಡುಗಿ ಬಸ್ಸು ಹತ್ತಲಿಲ್ಲ. ಮೆಟ್ಟಿಲ ಬಳಿ ನಿಂತು ಹೊಸಬಳನ್ನು ನೋಡಿತು, ಕೈ ಹಿಂದಕ್ಕೆ ಎಳೆದುಕೊಂಡಿತು. "ಆಯಮ್ಮ ಬೇಕು," ಎಂದಿತು.

ಡ್ರೈವರ್ ಸೀಟಿನಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ಇಳಿದು ಹೋಗಿ ಎತ್ತಿಕೊಂಡರೆ ಅರ್ಧ ನಿಮಿಷದ ಕೆಲಸ. ಎಂಜಿನ್ನು ಗುರುಗುಟ್ಟುತ್ತಿತ್ತು, ಹಿಂದೆ ಒಂದು ವ್ಯಾನು ಹಾರನ್ನು ಹೊಡೆಯಿತು. ಅವಳು ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಕೂತಳು. ಹೀಗೆ ಮಾಡು, ಹಾಗೆ ಹೇಳು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡಳು.

ಹೊಸಬಳು ಮೆಟ್ಟಿಲಿಳಿದು ಮಗುವಿನ ಎದುರು ಮೊಣಕಾಲೂರಿದಳು. ಏನು ಹೇಳಿದಳೋ ಡ್ರೈವರ್ ಸೀಟಿಗೆ ಕೇಳಿಸಲಿಲ್ಲ. ಆಯಮ್ಮನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ, ಬ್ಯಾಗು ಕಸಿದುಕೊಂಡು ಒಳಗೆ ಓಡುತ್ತಿದ್ದಳು, ಮಗು ಹಿಂದೆ ಓಡಿಬರುತ್ತಿತ್ತು. ಇವಳ ದಾರಿ ನಿಧಾನದ್ದು. ಒಂದು ನಿಮಿಷ ಆಯಿತು, ಎರಡಾಯಿತು. ಕೊನೆಗೆ ಕನ್ನಡಿಯಲ್ಲಿ ಎರಡು ತಲೆ ಕಾಣಿಸಿದವು. ಪುಟ್ಟದು ಮೂರನೇ ಸಾಲಿನ ಕಿಟಕಿಯ ಪಕ್ಕ ಕೂತಿತು.

"ರೈಟ್," ಎಂದಿತು ಹೊಸ ದನಿ, ಇನ್ನೂ ಸಂಕೋಚದಲ್ಲಿ.

ಅವಳು ಬಲಗಡೆಯ ಕನ್ನಡಿ ನೋಡಿ, ಇಂಡಿಕೇಟರು ಹಾಕಿ, ಬಸ್ಸನ್ನು ರಸ್ತೆಗೆ ತಂದಳು.