ಬಾಗಿಲ ಹೊರಗಿನ ಸರಿ ಉತ್ತರ

ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸುವ ದಾನೇಶ್ವರಿಯ ಹಗೆಗೆ ಅದರ ಎರಡರಷ್ಟು ವಯಸ್ಸು. ಹುಕ್ಕೇರಿ ಬಸ್ಸಿನಲ್ಲಿ ದಿನಾ ಅವಳ ಪಕ್ಕ ಕೂರುವ ನನಗೆ ಆ ಕಥೆ ಬಾಯಿಪಾಠ. ಕೇಳಿದಾಗಲೆಲ್ಲ ನನ್ನ ಮೈಯೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಆಗ ಅವಳು ಮೇಲವಂಕಿಯಿಂದ ಗೋಕಾಕಕ್ಕೆ ಪಿಯುಸಿ ಓದಲು ಹೋಗುತ್ತಿದ್ದಳು. ಕುಂಥುನಾಥ ಮಾಸ್ತರರು ಹಲಗೆಯ ಮೇಲೆ 2x + 3y = 6 ಎಂದು ಬರೆದು, ಇದಕ್ಕೆ ಸಮಾಂತರವಾಗಿ (3, 2) ಬಿಂದುವಿನ ಮೂಲಕ ಹಾಯುವ ರೇಖೆಯ ಸಮೀಕರಣ ಕೇಳಿದರು. ಸಮಾಂತರ ಅಂದಮೇಲೆ ಎರಡರ ಓರೆಯೂ ಒಂದೇ. ಎಡಗಡೆಯ ಅಂಕಿ ಮುಟ್ಟಬೇಕಿಲ್ಲ, ಕೊನೆಯದಷ್ಟೇ ಬದಲು. ಇವಳು ಬಿಂದುವನ್ನು ಹಾಕಿ ನೋಡಿ 2x + 3y = 12 ಎಂದು ಬರೆದಳು. ಪುಸ್ತಕದ ಹಿಂದೆ y = −(2/3)x + 4 ಎಂದಿತ್ತು. ಎರಡೂ ಒಂದೇ ರೇಖೆ, ವೇಷ ಬೇರೆ. ಮಾಸ್ತರರು ಪುಸ್ತಕ ನೋಡಿ ಕೆಂಪು ಗೆರೆ ಎಳೆದರು.

"ಸರಿ ಐತ್ರಿ ಸರ್" ಅಂದಳು ಇವಳು.

"ಪುಸ್ತಕಕ್ಕಿಂತ ಶಾಣ್ಯಾಕಿ ಆದೇನ? ಗಂಟಿ ಹೊಡಿಯೂತನಾ ಹೊರಗ ನಿಂದ್ರು!"

ಇಡೀ ಕ್ಲಾಸು ನಕ್ಕಿತು. ಗಣಿತ ಬಿಡಬೇಕಾದವಳು ಹಟಕ್ಕೆ ಬಿದ್ದು ಗಣಿತವನ್ನೇ ಓದಿದಳು.

ಮೊನ್ನೆ ಅವಳ ಕ್ಲಾಸಿನ ಸೋನಾಲಿ ಎಂಬ ಹುಡುಗಿ ಅದೇ ಲೆಕ್ಕ ಮಾಡಿಕೊಂಡು ಬಂದಳು. ಉತ್ತರವೂ ಅದೇ, 2x + 3y = 12. ಅದರ ಮೇಲೊಂದು ಕೆಂಪು ಗೆರೆ.

"ಯಾರ ಹಾಕಿದ್ದಿದು?"

"ನಮ್ಮಜ್ಜ ರಿ. ಪುಸ್ತಕದಾಗ ಬ್ಯಾರೆ ಉತ್ತರಾ ಐತಿ ಅಂದ್ರು."

ಅಜ್ಜನ ಹೆಸರು ಕುಂಥುನಾಥ ಎಂದು ತಿಳಿದದ್ದೇ ದಾನೇಶ್ವರಿ, ನಾಳೆ ಅವರನ್ನು ಕರೆದುಕೊಂಡು ಬಾ ಎಂದಳು. ಸಂಜೆ ಬಸ್ಸಿನಲ್ಲಿ ಅವಳ ಮುಖದಲ್ಲಿ ಹಬ್ಬ. "ಬಿಡಬ್ಯಾಡ" ಅಂದೆ ನಾನು.

ಮರುದಿನ ಆ ಹೊತ್ತಿಗೆ ನನಗೆ ಪಾಠವಿರಲಿಲ್ಲ. ಅವಳ ಕ್ಲಾಸಿನ ಕಿಟಕಿಯಲ್ಲಿ ನಿಂತು ನೋಡಿದೆ. ಬಿಳಿ ಟೋಪಿಯ ಮುದುಕರ ಕೈಗೆ ದಾನೇಶ್ವರಿ ಸುಣ್ಣದ ಕಡ್ಡಿ ಕೊಟ್ಟಳು. "ಈ ಉತ್ತರದಾಗ ಬಿಂದು ಹಾಕಿ ನೋಡ್ರಿ, ಸರ್."

"ಎರಡ ಮೂರ್ಲೆ ಆರು, ಮೂರ ಎರಡ್ಲೆ ಆರು..." ಹನ್ನೆರಡು ಬರೆದು ಕೈ ನಿಂತಿತು. "ಖರೆ ಐತಿ. ನಂದ ತಪ್ಪಾತು."

"ಇದ ಉತ್ತರಕ್ಕ ಮೇಲವಂಕಿ ಕಲ್ಲಪ್ಪನ ಮಗಳನ್ನ ಹೊರಗ ನಿಲ್ಲಿಸಿದ್ರಿ. ನೆನಪೈತೇನ್ರಿ?"

ಮುದುಕರು ಅವಳ ಮುಖ ನೋಡಿದರು. "ನೆನಪಿಲ್ಲವ್ವಾ" ಎಂದರು.

ತಪ್ಪು ಒಪ್ಪಿದ್ದನ್ನು ಆ ಒಂದು ಮಾತು ಸುಟ್ಟು ಹಾಕಿತು. ಇಷ್ಟು ವರ್ಷ ಇವಳು ನಿದ್ದೆಗೆಟ್ಟದ್ದು ಅವರಿಗೆ ಗೊತ್ತೇ ಇಲ್ಲ!

"ಹಂಗಾರ ಗಂಟಿ ಹೊಡಿಯೂತನಾ ಹೊರಗ ನಿಂದರ್ರಿ. ನೆನಪಾಗತೈತಿ."

ಅವರು ಸುಣ್ಣದ ಕಡ್ಡಿ ಮೇಜಿನ ಮೇಲಿಟ್ಟು ಹೋಗಿ ಬಾಗಿಲಾಚೆ ನಿಂತರು. ನನಗೆ ಖುಷಿಯಾಯಿತು. ಅಷ್ಟರಲ್ಲಿ ಸೋನಾಲಿ ಎದ್ದು, ಅಜ್ಜನ ಬಾಜೂಕ್ಕೆ ಹೋಗಿ ನಿಂತಳು.

"ನೀ ಯಾಕ ಹೊರಗ? ನಿನ್ನ ಉತ್ತರಾ ಸರಿ ಐತಿ. ಒಳಗ ಬಾ."

"ಗೊತ್ತೈತ್ರಿ" ಅಂದಳು ಹುಡುಗಿ. ಅಲುಗಲಿಲ್ಲ.

ಗಂಟೆಗೆ ಇನ್ನೂ ಅರ್ಧ ತಾಸಿತ್ತು. ದಾನೇಶ್ವರಿ ತಾನೇ ಹೋಗಿ ಗಂಟೆ ಹೊಡೆದಳು.