ಕಾಲುವೆ ದಂಡೆಯ ಕೇಂದ್ರದ ಶರಣಪ್ಪ ಕಾಕಾ

ನಂಬಲು ಆಗುತ್ತಿಲ್ಲ...
ಬೆಳಿಗ್ಗೆ ಅವರ ಮಗಳ ಫೋನ್.
"ಅಪ್ಪ ಹೋಗಿಬಿಟ್ಟ್ರು, ಅಕ್ಕಾರ..."
ಯಾವ ಅಪ್ಪ ಎಂದು ಕೇಳಿಬಿಟ್ಟೆ. ಎಂಥ ದಡ್ಡಿ ನಾನು!

ಗೆಳೆಯರೇ,
ಶಹಾಪುರದ ಹತ್ತಿರ ಕಾಲುವೆ ದಂಡೆಯ ಮೇಲೆ ನಮ್ಮದೊಂದು ಮಣ್ಣು-ನೀರಿನ ಸಂಶೋಧನಾ ಕೇಂದ್ರ ಇತ್ತು.
ಎರಡು ಕೋಣೆ, ಒಂದು ಲ್ಯಾಬ್ ಟೇಬಲ್, ಹೊರಗೆ ಬೇವಿನ ಮರ.
ಕಾಲುವೆಗೆ ನೀರು ಬಂದ ವರ್ಷವೇ ಶುರುವಾದದ್ದು.
ನೀರು ಹೆಚ್ಚಾಗಿ, ಉಪ್ಪೆದ್ದು ಹೊಲ ಸವಳಾಗುತ್ತಿದೆಯೇ ಎಂದು ನೋಡುವುದು ನಮ್ಮ ಕೆಲಸ.
ಸಾಹೇಬರು ಬಂದರು, ಟ್ರಾನ್ಸ್‌ಫರ್ ಆಗಿ ಹೋದರು...
ಕಾಕಾ ಮಾತ್ರ ಮೊದಲ ದಿನದಿಂದ ಬೀಗ ಬಿದ್ದ ದಿನದವರೆಗೂ ಇದ್ದರು.
ಕೇಂದ್ರದ ಹಿಸ್ಟರಿ ಬೇಕಾದವರು ಫೈಲ್ ತೆರೆಯುತ್ತಿರಲಿಲ್ಲ, ಅವರಿಗೊಂದು ಚಹಾ ಹೇಳುತ್ತಿದ್ದರು.

ಸೈಕಲ್ ಮೇಲೆ ಊರೂರು ತಿರುಗಿ ಬಾವಿಗಳ ನೀರಿನ ಮಟ್ಟ ಅಳೆಯುತ್ತಿದ್ದರು.
ಟೇಪಿನ ತುದಿಗೆ ಕಬ್ಬಿಣದ ಗುಂಡು ಕಟ್ಟಿ ಇಳಿಸಿ, ಅದು ನೀರು ಮುಟ್ಟುವ ಸಪ್ಪಳಕ್ಕೆ ಕಿವಿ ಕೊಡುವುದು.
"ಆ ಎತ್ತಿನ ಗಂಟಿ ಹಿಡೀರಿ ಮೊದಲ, ಬಾವಿ ಮಾತಾಡಾಕತ್ತೈತಿ!" ಎಂದು ರೈತರನ್ನೇ ಗದರುವರು.

ಕಾಕಾ... ಇನ್ನು ಮುಂದಿನದು ನಿಮಗೇ.
ಒಂದು ಸಲ ನಿಮಗೆ ಜ್ವರ ಎಂದು ಸಾಹೇಬರು ಕೊಂಕಲ್ ಕಡೆಯ ಈರಮ್ಮನ ಬಾವಿಗೆ ನನ್ನನ್ನು ಕಳಿಸಿದ್ದರು.
ಬಿಸಿಲಿಗೆ ಅಂಜಿ ನಾನು ಹೋಗಲೇ ಇಲ್ಲ.
ಲ್ಯಾಬಿನಲ್ಲೇ ಕೂತು ಹಿಂದಿನ ವಾರದ ಅಂಕಿಯನ್ನೇ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.
ಮರುದಿನ ಬಂದು ನೀವು ಪುಸ್ತಕ ನೋಡಿದಿರಿ...
"ಕಾಲುವಿಗೆ ನೀರು ಬಿಟ್ಟು ಎಂಟ್ ದಿನ ಆತು. ಬಾವಿ ಒಂದ್ ಗೇಣೂ ಏರಿಲ್ಲೇನವ್ವಾ?"
ಹೋಗಿಲ್ಲ ಎಂದು ಒಪ್ಪಿಕೊಂಡೆ.
ನೀವು ಜ್ವರದಲ್ಲೇ ಸೈಕಲ್ ಹತ್ತಿದಿರಿ.

ಬಾವಿಯ ನೀರು ಮೇಲಕ್ಕೆ ಬಂದುಬಿಟ್ಟಿತ್ತು. ಇನ್ನು ಭತ್ತಕ್ಕೆ ನೀರು ನಿಲ್ಲಿಸಿದರೆ ಹೊಲವೇ ಸವಳು.
ಈರಮ್ಮ ಭತ್ತ ನಾಟಿಗೆ ನಿಂತಿದ್ದರು. ಅವರಿಗೆ ಇದ್ದದ್ದೇ ಆ ಒಂದು ಹೊಲ.
"ಈ ಸಲ ಭತ್ತ ಬ್ಯಾಡಬೇ. ಮೊದಲ ನೀರು ಬಸಿದು ಹೋಗಾಕ ಕಾಲುವಿ ತೋಡು" ಎಂದು ನಿಂತು ಮಾಡಿಸಿದಿರಿ.
ಸುತ್ತಲಿನ ಹೊಲಗಳ ಮೇಲೆ ಉಪ್ಪು ಬಿಳಿ ಬಿಳಿ ಎದ್ದಿತು, ಅವರ ಹೊಲ ಉಳಿಯಿತು.

ಪುಸ್ತಕದಲ್ಲಿ ಅಂಕಿ ತಿದ್ದಿದಿರಿ. ಸಹಿ ಮಾತ್ರ ನನ್ನದೇ ಬಿಟ್ಟಿರಿ.
ಆ ಸಹಿ ನೋಡಿ, ಹೊಲ ಉಳಿಸಿದವಳು ನಾನೇ ಎಂದು ರೈತರ ಸಭೆಯಲ್ಲಿ ಸಾಹೇಬರು ನನಗೆ ಶಾಲು ಹೊದಿಸಿದರು...
ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನೀವು!
"ಕಾಕಾ, ಖರೇ ಹೇಳಿಬಿಡ್ತೀನ್ರಿ" ಎಂದು ಅತ್ತೆ.
"ಹುಚ್ಚಿ, ನೌಕರಿ ಹೋಗ್ತೈತಿ. ಇನ್ನ ಮ್ಯಾಲ ಬಾವಿಗೆ ಹೋಗು, ಅಷ್ಟ ಸಾಕು."

ಹೋದೆ ಕಾಕಾ. ಮತ್ತೆ ಒಂದು ಬಾವಿಯನ್ನೂ ತಪ್ಪಿಸಲಿಲ್ಲ.
ಆದರೆ ಖರೇ ಹೇಳಲಿಲ್ಲ... ನೀವಿರುವಾಗಲೇ ಹೇಳಬೇಕಿತ್ತು.
ಇವತ್ತು ಎಲ್ಲರ ಮುಂದೆ ಬರೆಯುತ್ತಿದ್ದೇನೆ.
ಆ ಹೊಲ ಉಳಿಸಿದ್ದು ನಾನಲ್ಲ. ಆ ಶಾಲು ನಿಮ್ಮದು.
ನಿಮ್ಮ ಮಣ್ಣಿಗೆ ಬರುವಾಗ ಹೊದಿಸಲು ತರುತ್ತಿದ್ದೇನೆ, ಈ ಸಲ ಬೇಡ ಅನ್ನಬೇಡಿ.

ಹೋಗಿ ಬನ್ನಿ ಕಾಕಾ...
ನಿಮ್ಮ ಜೀವ ತಣ್ಣಗಿರಲಿ. 🙏