ನೋಟ್‌ಬುಕ್ಕಿನಲ್ಲಿ ನನ್ನ ಕಾಲಂ

ಎಂಬತ್ತರ ದಶಕದಲ್ಲಿ ಮಣಿಪಾಲದ ನನ್ನ ಬಾಡಿಗೆ ಕೋಣೆಗೆ ಮಲೇಶಿಯಾದಿಂದ ಡಾಕ್ಟರಿಕೆ ಓದಲು ಬಂದ ಹುಡುಗನೊಬ್ಬ ಜೊತೆಗಾರನಾದ. ಮನೆಮಾತು ಚೀನೀ, ಇಂಗ್ಲಿಷ್ ನುಡಿಗಟ್ಟುಗಳೆಂದರೆ ಕಬ್ಬಿಣದ ಕಡಲೆ. ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಒಂದರ ಅರ್ಥ ಕೇಳುತ್ತಿದ್ದ. ನಾನೋ ಕಾಪುವಿನ ಕನ್ನಡ ಶಾಲೆಯಲ್ಲಿ ಕಲಿತವನು. ಆದರೆ ಗೊತ್ತಿಲ್ಲ ಎನ್ನುವುದು ನನ್ನ ಜಾಯಮಾನವಲ್ಲ.

"ರೆಡ್ ಹೆರಿಂಗ್ ಅಂದರೆ ಎಂತ?" ಎಂದ ಒಂದು ದಿನ.

ಹೆರಿಂಗ್ ಒಂದು ಮೀನು ಎಂದಷ್ಟೇ ಗೊತ್ತಿತ್ತು. ಮೀನುಗಾರರ ಮನೆಯವನಿಗೆ ಅಷ್ಟು ಸಾಲದೇ? "ಹಳೇ ಮೀನಿನ ಕಿವಿರಿಗೆ ಕೆಂಪು ಬಣ್ಣ ಹಚ್ಚಿ ತಾಜಾ ಅಂತ ಮಾರುವುದು," ಎಂದೆ.

"ನಿಜವಾ?"

"ಮೀನಿನ ವಿಷಯ ನನಗೇ ಹೇಳಿಕೊಡ್ತೀಯಾ ಮಾರಾಯ?" ಎಂದು ರೇಗಿದೆ. ತೆಪ್ಪಗೆ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಓದು ಮುಗಿಸಿ ಊರಿಗೆ ಹೊರಟ ದಿನ ಆ ನೋಟ್‌ಬುಕ್ ತೋರಿಸಿದ. ಪ್ರತಿ ನುಡಿಗಟ್ಟಿಗೂ ಎರಡು ಅರ್ಥ: ಎಡದ ಕಾಲಂನಲ್ಲಿ ಡಿಕ್ಷನರಿಯದು, ಬಲದಲ್ಲಿ ನನ್ನದು. ರೆಡ್ ಹೆರಿಂಗ್‌ನ ಎಡಕ್ಕೆ 'ದಾರಿ ತಪ್ಪಿಸುವ ಮಾತು' ಎಂದಿತ್ತು.

"ಡಿಕ್ಷನರಿ ಉಂಟಲ್ಲ, ಮತ್ತೆ ನನ್ನನ್ನು ಯಾಕೆ ಕೇಳಿದ್ದು?" ಎಂದು ಸಿಡಿದೆ.

"ಅದು ಓದಿದರೆ ನಗು ಬರುವುದಿಲ್ಲ ಮಾರಾಯ," ಎಂದ. ಆ ಕೊನೆಯ ಪದವೊಂದನ್ನು ಮಾತ್ರ ನನ್ನಿಂದ ಸರಿಯಾಗಿ ಕಲಿತಿದ್ದ.

ಆಗ ನನ್ನ ಕಾಲಂಗೆ ಅವನು ಕೊಟ್ಟಿದ್ದ ತಲೆಬರಹ ಕಣ್ಣಿಗೆ ಬಿತ್ತು: 'ರೆಡ್ ಹೆರಿಂಗ್‌ಗಳು'.